ಹಲ್ಲಿಗೆ ನಾರಿನ ಬಲ
(ಅಗ್ರಹಾರದಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಲ್ಲಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ತಾವು ನನ್ನನ್ನು ಕರೆದಿದ್ದೀರಿ. ದಿನಕ್ಕೆ ಎರಡು ಸಲ ಹಲ್ಲುಜ್ಜಿರಿ, ಸಿಹಿ ಕಡಿಮೆ ತಿನ್ನಿರಿ ಎಂಬ ಉಪದೇಶ ತಮಗೆಲ್ಲ ಬಾಯಿಪಾಠವಾಗಿದೆ. ಆದ್ದರಿಂದ ಇಂದು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಹುಳುಕು ಹಲ್ಲಿಗೆ ತುಂಬುವ ಸಿಮೆಂಟು, ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು, ಇವುಗಳ ಒಳಗೆ ಗಿಡದ ನಾರನ್ನೋ ರೇಷ್ಮೆ ಎಳೆಯನ್ನೋ ಬೆರೆಸಿ ಗಟ್ಟಿ ಮಾಡಬಹುದೇ ಎಂಬ ಪ್ರಶ್ನೆ ಅದು. ಕೇಳಿದರೆ ತಮಾಷೆ ಎನಿಸಬಹುದು. ಆದರೆ ಪ್ರಪಂಚದ ಹಲವು ಪ್ರಯೋಗಾಲಯಗಳಲ್ಲಿ ಈ ಪ್ರಶ್ನೆಯ ಮೇಲೆ ಕೆಲಸ ನಡೆದಿದೆ, ನಡೆಯುತ್ತಿದೆ. ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿಯೆಲ್ಲ ನಾವು ಕುಳಿತಿರುವ ಜಾಗದಿಂದ ಕೂಗಳತೆಯಲ್ಲಿದೆ ಎಂಬುದು ಅನೇಕರಿಗೆ ಹೊಳೆದಿಲ್ಲ.

ಇಲ್ಲೇ ಅಗ್ರಹಾರದ ವಾಣಿ ವಿಲಾಸ ಮಾರುಕಟ್ಟೆಗೆ ಹೋಗಿ ನೋಡಿ. ಹೂ ಮಾರುವ ತಾಯಂದಿರು ಮಲ್ಲಿಗೆಯನ್ನು ಬಾಳೆನಾರಿನಿಂದ ಕಟ್ಟುತ್ತಾರೆ. ಒಣಗಿದ ನಾರನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಸಣ್ಣಗೆ ಸೀಳಿ, ಒಂದು ಎಳೆಯಲ್ಲಿ ಮಾರುಗಟ್ಟಲೆ ಹೂ ಕಟ್ಟಿದರೂ ಅದು ಹರಿಯುವುದಿಲ್ಲ. ಪಕ್ಕದ ಅಂಗಡಿಯಲ್ಲಿ ತೆಂಗಿನ ನಾರಿನ ಹಗ್ಗ ಇರುತ್ತದೆ. ಮಾನಂದವಾಡಿ ರಸ್ತೆಯ ಕಡೆ ಹೊರಟರೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ, ಇನ್ನೂ ಮುಂದೆ ಶ್ರೀರಾಂಪುರದಲ್ಲಿ 1961ರಿಂದ ಇರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಸಿಗುತ್ತವೆ. ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಗೆ ನೆಲೆ ಒದಗಿಸಿದವನು ಟಿಪ್ಪು ಸುಲ್ತಾನ್ ಎಂಬುದು ಎಲ್ಲರಿಗೂ ತಿಳಿದ ಇತಿಹಾಸ. ಶಿಡ್ಲಘಟ್ಟ, ರಾಮನಗರಗಳಲ್ಲಿ ಇಂದಿಗೂ ಗೂಡಿನಿಂದ ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮ ಸಮಾಜದ ಎಷ್ಟೋ ಕುಟುಂಬಗಳಿವೆ. ಇನ್ನೊಂದು ದಿಕ್ಕಿಗೆ ನಂಜನಗೂಡು. ಅಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಭತ್ತದ ಹೊಟ್ಟನ್ನು ಸುಟ್ಟ ಬೂದಿಯಿಂದ ಆದದ್ದು. ಈ ಹೊಟ್ಟಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ನಾರು ಏಕೆ ಬೇಕು ಎಂಬುದನ್ನು ನೋಡೋಣ. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟುವವರು ಮಣ್ಣು ಕಲಸುವಾಗ ಅದಕ್ಕೆ ಹುಲ್ಲು ಹಾಕಿ ತುಳಿಯುತ್ತಿದ್ದರು. ಬರೀ ಮಣ್ಣಿನ ಗೋಡೆ ಒಣಗಿದರೆ ಬಿರುಕು ಬಿಡುತ್ತದೆ, ಒಂದು ಬಿರುಕು ಶುರುವಾದರೆ ಆಚೆ ತುದಿಯವರೆಗೂ ಓಡುತ್ತದೆ. ಹುಲ್ಲಿದ್ದರೆ ಬಿರುಕು ಆ ಕಡ್ಡಿಯ ಬಳಿಗೆ ಬಂದು ನಿಲ್ಲಬೇಕು. ಮುಂದೆ ಹೋಗಬೇಕಾದರೆ ಕಡ್ಡಿಯನ್ನು ಮುರಿಯಬೇಕು, ಇಲ್ಲವೇ ಮಣ್ಣಿನಿಂದ ಕಿತ್ತೆಳೆಯಬೇಕು. ಎರಡಕ್ಕೂ ಶಕ್ತಿ ಖರ್ಚಾಗುತ್ತದೆ. ಬಲವರ್ಧಕ ನಾರಿನ ಇಡೀ ವಿಜ್ಞಾನ ಇದೇ. ಉಳಿದದ್ದೆಲ್ಲ ಇದರ ವಿವರ.

ಸೃಷ್ಟಿಯಲ್ಲಿ ನಮ್ಮ ಹಲ್ಲೇ ಹೀಗೆ ರಚಿತವಾಗಿದೆ. ಮೇಲಿನ ಬಿಳಿ ಪದರವಾದ ಎನಾಮಲ್‌ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 96 ಭಾಗ ಖನಿಜ. ಅದು ಬಹಳ ಗಟ್ಟಿ, ಆದರೆ ಗಾಜಿನ ಹಾಗೆ ಬಿರುಸು. ಅದರ ಕೆಳಗಿನ ಡೆಂಟಿನ್ ಎಂಬ ಹಳದಿ ಪದರದಲ್ಲಿ ಖನಿಜ ಸುಮಾರು 70 ಭಾಗ. ಉಳಿದದ್ದರಲ್ಲಿ ಹೆಚ್ಚು ಪಾಲು ಕೊಲಾಜೆನ್ ಎಂಬ ಪ್ರೋಟೀನಿನ ನಾರು, ಮತ್ತೆ ನೀರು. ಈ ನಾರಿನ ಹಾಸಿಗೆಯ ಮೇಲೆ ಎನಾಮಲ್ ಕುಳಿತಿರುವುದರಿಂದಲೇ ಅರವತ್ತು ಎಪ್ಪತ್ತು ವರ್ಷ ರೊಟ್ಟಿ, ಮಾಂಸ, ಕಡಲೆ ಎಲ್ಲವನ್ನೂ ಅಗಿದರೂ ಹಲ್ಲು ಸೀಳುವುದಿಲ್ಲ. ಹುಳುಕಾದಾಗ ದಂತವೈದ್ಯರು ಎನಾಮಲ್ಲನ್ನೂ ಡೆಂಟಿನ್ನನ್ನೂ ಕೆರೆದು ತೆಗೆದು ಆ ಗುಂಡಿಗೆ ಒಂದು ಪದಾರ್ಥ ತುಂಬುತ್ತಾರೆ. ಆದರೆ ನಾವು ತುಂಬುವ ಪದಾರ್ಥದಲ್ಲಿ ಸಾಮಾನ್ಯವಾಗಿ ನಾರು ಇರುವುದಿಲ್ಲ. ಕಳೆದುಕೊಂಡದ್ದು ನಾರಿದ್ದ ವಸ್ತು, ತುಂಬಿದ್ದು ನಾರಿಲ್ಲದ ವಸ್ತು.

ಯಾವ ಯಾವ ಪದಾರ್ಥ ತುಂಬುತ್ತಾರೆ? ಹಿರಿಯರ ಬಾಯಲ್ಲಿ ಕಪ್ಪಗೆ ಹೊಳೆಯುವ, ಜನ ಬೆಳ್ಳಿ ತುಂಬಿಸಿದ್ದು ಎನ್ನುವ ಅಮಾಲ್ಗಮ್ ಒಂದು. ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ. ಅದು ಅಗ್ಗ, ಗಟ್ಟಿ, ಒದ್ದೆ ಬಾಯಲ್ಲೂ ಹಾಕಲು ಸುಲಭ. ಆದರೆ ಪಾದರಸ ಪರಿಸರಕ್ಕೆ ಸೇರಬಾರದೆಂದು 2013ರಲ್ಲಿ ಮಿನಾಮಾಟಾ ಒಪ್ಪಂದವಾಯಿತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಯುರೋಪಿನ ಒಕ್ಕೂಟ 2025ರ ಜನವರಿಯಿಂದ ಅಮಾಲ್ಗಮ್ ಬಳಕೆಯನ್ನು ಕೆಲವೇ ವಿನಾಯಿತಿ ಬಿಟ್ಟು ನಿಲ್ಲಿಸಿತು. ಬಾಯಲ್ಲಿ ಹಳೆಯ ಬೆಳ್ಳಿ ಇರುವವರು ಗಾಬರಿಯಾಗಿ ಕಿತ್ತಿಸಲು ಓಡಬೇಕಾಗಿಲ್ಲ. ಚೆನ್ನಾಗಿ ಕುಳಿತದ್ದನ್ನು ಸುಮ್ಮನೆ ಕೆದಕಿದರೆ ಆಗ ಪಾದರಸದ ಆವಿ ಹೆಚ್ಚು ಬರುತ್ತದೆ. ಆದರೆ ಮುಂದಿನ ತಲೆಮಾರಿನ ಬಡವನ ಹಲ್ಲಿಗೆ ಏನು ತುಂಬುವುದು ಎಂಬ ಪ್ರಶ್ನೆ ಎದುರಿಗೆ ಬಂದು ನಿಂತಿದೆ. ನಾನು ಈ ವಿಷಯ ಆರಿಸಿಕೊಂಡಿರುವುದಕ್ಕೆ ಕಾರಣವೂ ಅದೇ.

ಎರಡನೆಯದು ಕಾಂಪೋಸಿಟ್. ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವ, ಹಲ್ಲಿನ ಬಣ್ಣದ ಪದಾರ್ಥ. 1962ರಲ್ಲಿ ಅಮೆರಿಕದ ರಾಫೆಲ್ ಬೋವೆನ್ ಕಂಡುಹಿಡಿದ ಒಂದು ರಾಳವೇ ಅದರ ತಳಹದಿ. ರಾಳದೊಳಗೆ ಗಾಜು, ಸಿಲಿಕಾಗಳ ನುಣುಪಾದ ಪುಡಿಯನ್ನು ತೂಕದಲ್ಲಿ 60ರಿಂದ 80 ಭಾಗದವರೆಗೂ ತುರುಕಿರುತ್ತಾರೆ. ಇದು ನೋಡಲು ಚೆಂದ, ಆದರೆ ಬೆಲೆ ಹೆಚ್ಚು. ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು 2-3 ಭಾಗ ಕುಗ್ಗುತ್ತದೆ, ಕೆಲಸ ಮಾಡುವಾಗ ಎಂಜಲು ತಾಗಬಾರದು. ಮೂರನೆಯದು ಗ್ಲಾಸ್ ಅಯನೋಮರ್ ಸಿಮೆಂಟು. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬುವರು 1969ರಲ್ಲಿ ರೂಪಿಸಿದರು. ಗಾಜಿನ ಪುಡಿಗೆ ಒಂದು ಆಮ್ಲದ ನೀರು ಸೇರಿಸಿ ಕಲಸಿದರೆ ಸಾಕು, ತಾನೇ ಗಟ್ಟಿಯಾಗುತ್ತದೆ, ಹಲ್ಲಿಗೆ ತಾನೇ ಅಂಟುತ್ತದೆ, ಮೇಲಾಗಿ ಫ್ಲೋರೈಡ್ ಸೂಸುತ್ತದೆ. ವಿದ್ಯುತ್ತಾಗಲಿ ಡ್ರಿಲ್ಲಾಗಲಿ ಬೇಕಿಲ್ಲ. 1980ರ ದಶಕದಲ್ಲಿ ಟಾಂಜಾನಿಯಾದ ಹಳ್ಳಿಗಳಲ್ಲಿ ಕೈ ಉಪಕರಣಗಳಿಂದಲೇ ಹುಳುಕು ತೆಗೆದು ಸಿಮೆಂಟು ತುಂಬುವ ಕ್ರಮ ಆರಂಭವಾಗಿ, ಆಮೇಲೆ ಅದಕ್ಕೆ ಇದೇ ಸಿಮೆಂಟು ಜೊತೆಯಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಇದನ್ನು ಸೇರಿಸಿತು. ಶಾಲೆಯ ಜಗುಲಿಯಲ್ಲೂ ಹಾಕಬಹುದಾದ ಸಿಮೆಂಟು ಇದು. ಇದರ ದೋಷ ಒಂದೇ, ಆದರೆ ದೊಡ್ಡದು: ಬಿರುಸು. ದವಡೆ ಹಲ್ಲಿನ ದೊಡ್ಡ ಗುಂಡಿಗೆ ಹಾಕಿದರೆ ಅಗಿಯುವ ಭಾರಕ್ಕೆ ಒಡೆಯುತ್ತದೆ, ಸವೆಯುತ್ತದೆ.

ಹಲ್ಲಿನ ಸೆಟ್ಟಿನದೂ ಅದೇ ಕಥೆ. 1930ರ ದಶಕದ ಕೊನೆಯಲ್ಲಿ ಬಂದ ಗುಲಾಬಿ ಬಣ್ಣದ ಅಕ್ರಿಲಿಕ್ಕೇ ಇಂದಿಗೂ ಸಾಮಾನ್ಯರ ಸೆಟ್ಟಿಗೆ ಆಧಾರ. ಮೇಲಿನ ಸೆಟ್ಟು ಪ್ರತಿ ಸಲ ಅಗಿದಾಗಲೂ ಕೂದಲೆಳೆಯಷ್ಟು ಬಾಗುತ್ತದೆ; ಲಕ್ಷಾಂತರ ಸಲ ಬಾಗಿ ಬಾಗಿ ಒಂದು ದಿನ ಸರಿಯಾಗಿ ನಡುವೆ ಎರಡು ಹೋಳಾಗುತ್ತದೆ. ಇಲ್ಲದಿದ್ದರೆ ತೊಳೆಯುವಾಗ ಕೈಜಾರಿ ಬಿದ್ದು ಒಡೆಯುತ್ತದೆ. (ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಹೇಳಿ: ಕೆಳಗೆ ಒಂದು ಬೋಗುಣಿಯಲ್ಲಿ ನೀರಿಟ್ಟುಕೊಂಡು ಅದರ ಮೇಲೆ ತೊಳೆಯಬೇಕು. ಕುದಿಯುವ ನೀರು ಹಾಕಬಾರದು, ಸೆಟ್ಟು ಸೊಟ್ಟಗಾಗುತ್ತದೆ. ಒಡೆದರೆ ಅಂಗಡಿಯ ಅಂಟು ಹಾಕಿ ಜೋಡಿಸಬಾರದು. ಆಮೇಲೆ ಅದನ್ನು ಸರಿಯಾಗಿ ರಿಪೇರಿ ಮಾಡುವುದು ಕಷ್ಟ.) ಪಿಂಚಣಿಯ ಹಣ ಕೂಡಿಟ್ಟು ಸೆಟ್ಟು ಕಟ್ಟಿಸಿಕೊಂಡವರು ಎರಡು ಹೋಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬರುವುದನ್ನು ಯಾವ ದಂತವೈದ್ಯರೂ ನೋಡದೆ ಇರಲಾರರು.

ಹಾಗಾದರೆ ನಾರು ಹಾಕಬಾರದೇಕೆ? ಹಾಕಿದ್ದಾರೆ, ಆದರೆ ಕೃತಕ ನಾರು. 1990ರ ದಶಕದ ಆರಂಭದಿಂದ ಪಾಲಿಎಥಿಲೀನ್ ನಾರಿನ ನೇಯ್ದ ಪಟ್ಟಿ ದಂತವೈದ್ಯರ ಬಳಿ ಇದೆ. 2013ರಲ್ಲಿ ಜಿಸಿ ಎಂಬ ಕಂಪನಿ ಗಾಜಿನ ತುಂಡು ನಾರು ಬೆರೆಸಿದ ಕಾಂಪೋಸಿಟನ್ನೇ ಮಾರುಕಟ್ಟೆಗೆ ತಂದಿತು. ಡೆಂಟಿನ್ ಇದ್ದ ಜಾಗಕ್ಕೆ ಅದನ್ನು ತುಂಬಿ, ಮೇಲೆ ಎನಾಮಲ್ಲಿನ ಜಾಗಕ್ಕೆ ಮಾಮೂಲಿ ಕಾಂಪೋಸಿಟ್ ಹಾಕುತ್ತಾರೆ. ನಾರು ಮೇಲ್ಮೈಗೆ ಬಂದರೆ ತರಿತರಿಯಾಗಿ ಕೊಳೆ ಹಿಡಿಯುತ್ತದೆ, ಅದಕ್ಕೇ ಈ ಎರಡು ಅಂತಸ್ತು. ಅಂದರೆ ನಾರಿನಿಂದ ಪ್ರಯೋಜನವಿದೆ ಎಂಬುದು ಸಿದ್ಧವಾದ ಮಾತು. ಇಂತಹ ಸಾಮಗ್ರಿ ದುಬಾರಿ. ಅದರ ಜಾಗದಲ್ಲಿ ಹೊಲದ ನಾರು ಬಳಸಬಹುದೇ ಎಂಬುದಷ್ಟೇ ಚರ್ಚೆ.

ಇಲ್ಲಿ ತೊಡಕುಗಳು ಶುರುವಾಗುತ್ತವೆ. ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು.

ಮೊದಲನೆಯದು ನೀರು. ಗಿಡದ ನಾರಿನ ಮುಖ್ಯ ಅಂಶ ಸೆಲ್ಯುಲೋಸ್, ಅದಕ್ಕೆ ನೀರೆಂದರೆ ಬಹಳ ಪ್ರೀತಿ. ಹೂ ಕಟ್ಟುವ ತಾಯಿ ಬಾಳೆನಾರನ್ನು ನೆನೆಸುವುದು ಅದು ನೀರು ಕುಡಿದು ಮೆತ್ತಗಾಗಲೆಂದೇ. ಹೂವಿಗೆ ಅದು ಗುಣ, ಹಲ್ಲಿಗೆ ಅದೇ ಅವಗುಣ. ಬಾಯಿ ಎಂದರೆ ಇಪ್ಪತ್ತನಾಲ್ಕು ಗಂಟೆಯೂ ನೀರಿನ ತೊಟ್ಟಿ. ನಾರು ನೀರು ಕುಡಿದು ಉಬ್ಬಿದರೆ ಸುತ್ತಲಿನ ರಾಳದಿಂದ ಬಿಡಿಸಿಕೊಳ್ಳುತ್ತದೆ. ರಾಳದ ಸ್ವಭಾವ ಎಣ್ಣೆಯಂಥದು, ನಾರಿನ ಸ್ವಭಾವ ನೀರಿನಂಥದು. ಇವೆರಡು ಒಂದಕ್ಕೊಂದು ಹಿಡಿಯುವುದಿಲ್ಲ. ಹಿಡಿಯದ ನಾರು ಬಲವಲ್ಲ, ಒಳಗೆ ಕುಳಿತ ಬಿರುಕೇ ಸರಿ. ಇದಕ್ಕೆ ಪರಿಹಾರವಾಗಿ ನಾರನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮೇಣ, ಲಿಗ್ನಿನ್‌ಗಳನ್ನು ತೆಗೆಯುತ್ತಾರೆ, ಮೇಲೆ ಸೈಲೇನ್ ಎಂಬ ಜೋಡಿಸುವ ರಾಸಾಯನಿಕ ಬಳಿಯುತ್ತಾರೆ. ಅದು ಒಂದು ಕೈಯಿಂದ ನಾರನ್ನೂ ಇನ್ನೊಂದು ಕೈಯಿಂದ ರಾಳವನ್ನೂ ಹಿಡಿಯುತ್ತದೆ.

ಇಷ್ಟು ಮಾಡಿದರೂ ಯಶಸ್ಸು ಖಚಿತವಲ್ಲ. ರೇಮಿ ಎಂಬ ಗಿಡದ ನಾರು ಸಸ್ಯನಾರುಗಳಲ್ಲೇ ಬಹಳ ಗಟ್ಟಿ ಎಂದು ಹೆಸರಾದದ್ದು. ಅದನ್ನು ಸಣ್ಣಗೆ ತುಂಡರಿಸಿ ಸೆಟ್ಟಿನ ಅಕ್ರಿಲಿಕ್‌ಗೆ ಬೆರೆಸಿ ಚೀನಾದ ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಅಕ್ರಿಲಿಕ್ ಹೆಚ್ಚು ಬಿಗಿಯಾಯಿತು, ಸುಲಭವಾಗಿ ಬಾಗಲಿಲ್ಲ. ಆದರೆ ಮುರಿಯಲು ಬೇಕಾದ ಬಲ ನಾರಿಲ್ಲದ ಅಕ್ರಿಲಿಕ್‌ಗಿಂತ ಕಡಿಮೆಯೇ ಆಯಿತು. ಬಿಗಿಯಾಗುವುದು ಬೇರೆ, ಬಲವಾಗುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ತುಂಡು ತೀರ ಗಿಡ್ಡವಾದರೆ ಎಳೆದೊಡನೆ ಕಿತ್ತುಬರುತ್ತದೆ, ಉದ್ದವಾದರೆ ಕಲಸುವಾಗ ಗಂಟುಕಟ್ಟಿಕೊಂಡು ಗಾಳಿ ಹಿಡಿಯುತ್ತದೆ. ಆ ಸಂಶೋಧಕರು ಬಂದದ್ದನ್ನು ಬಂದ ಹಾಗೆ ಬರೆದರು. ನನಗೆ ಅವರ ಮೇಲೆ ಗೌರವ ಹೆಚ್ಚಿರುವುದು ಅದಕ್ಕೇ.

ಎರಡನೆಯ ತೊಡಕು ಬೆಳಕು. ಕಾಂಪೋಸಿಟ್ ಗಟ್ಟಿಯಾಗಬೇಕಾದರೆ ನೀಲಿ ಬೆಳಕು ತಳದವರೆಗೂ ಇಳಿಯಬೇಕು. ಗಾಜಿನ ನಾರು ಬೆಳಕನ್ನು ಬಿಡುತ್ತದೆ. ತೆಂಗಿನ ನಾರಿನ ಕಂದು ಬಣ್ಣ ಬಿಡುವುದಿಲ್ಲ, ಮೇಲಾಗಿ ಯಾರಿಗೆ ಬೇಕು ಕಂದು ಹಲ್ಲು? ಮೂರನೆಯದು ಏಕರೂಪತೆ. ಒಂದು ತೋಟದ ಬಾಳೆಯ ನಾರು ಇನ್ನೊಂದು ತೋಟದ್ದರಂತಿಲ್ಲ, ಮಳೆಗಾಲದ್ದು ಬೇಸಿಗೆಯದರಂತಿಲ್ಲ. ಔಷಧದ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಈಗ ಆಶಾದಾಯಕ ಮಾತಿಗೆ ಬರೋಣ. ನಾರಿಗೆ ನೀರೆಂದರೆ ಪ್ರೀತಿ ಎಂದೆ. ಹಾಗಾದರೆ ನೀರೇ ಆಧಾರವಾದ ಪದಾರ್ಥದಲ್ಲಿ ಅದನ್ನು ಹಾಕಿದರೆ? ಗ್ಲಾಸ್ ಅಯನೋಮರ್ ಸಿಮೆಂಟು ಅಂಥದು. ಬ್ರೆಜಿಲ್ ದೇಶದ ಸಂಶೋಧಕರು 2010ರ ದಶಕದಲ್ಲಿ ಈ ದಾರಿ ಹಿಡಿದರು. ಇಡೀ ನಾರನ್ನು ಬಿಟ್ಟು, ಅದನ್ನು ಆಮ್ಲದಲ್ಲಿ ಕರಗಿಸುತ್ತಾ ಹೋದಾಗ ಕೊನೆಗೆ ಉಳಿಯುವ ಸೆಲ್ಯುಲೋಸಿನ ಅತಿ ಸೂಕ್ಷ್ಮ ಹರಳುಕಡ್ಡಿಗಳನ್ನು ತೆಗೆದರು. ಇವುಗಳ ಅಗಲ ಕೆಲವೇ ನ್ಯಾನೋಮೀಟರ್, ಉದ್ದ ನೂರಾರು ನ್ಯಾನೋಮೀಟರ್. ಅಂದರೆ ಕೂದಲಿನ ದಪ್ಪದಲ್ಲಿ ಸಾವಿರಾರು ಕಡ್ಡಿಗಳನ್ನು ಪಕ್ಕಪಕ್ಕ ಜೋಡಿಸಬಹುದು. ಇವನ್ನು ಅತ್ಯಲ್ಪ ಪ್ರಮಾಣದಲ್ಲಿ ಸಿಮೆಂಟಿಗೆ ಬೆರೆಸಿದಾಗ ಪ್ರಯೋಗಾಲಯದಲ್ಲಿ ಅದರ ಬಲ ಹೆಚ್ಚಿದ್ದು ಕಂಡುಬಂತು. ಬಣ್ಣದ ತೊಂದರೆಯಿಲ್ಲ, ಬೆಳಕಿನ ಅಗತ್ಯವೂ ಇಲ್ಲ. ಪ್ರಮಾಣ ಮೀರಿದರೆ ಮಾತ್ರ ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುತ್ತವೆ, ಬಲ ಮತ್ತೆ ಇಳಿಯುತ್ತದೆ. ಉಪ್ಪಿನ ಹಾಗೆ, ಚಿಟಿಕೆಯಷ್ಟೇ ಹಿತ. ಬಾಳೆದಿಂಡಾಗಲಿ ಸೆಣಬಾಗಲಿ ಭತ್ತದ ಹುಲ್ಲಾಗಲಿ, ಎಲ್ಲದರಿಂದಲೂ ಈ ಹರಳು ತೆಗೆಯಬಹುದು. ನಾಡಿನ ಬಡವರಿಗೆ ಬೇಕಾದ ಸಿಮೆಂಟಿನ ದೋಷವನ್ನು ನಾಡಿನ ಕೃಷಿತ್ಯಾಜ್ಯವೇ ತಿದ್ದಬಲ್ಲದಾದರೆ, ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದಲ್ಲಿ ಹೆಚ್ಚು ಭರವಸೆಯ ದಾರಿ ಇದೇ.

ಇನ್ನೊಂದು ದಾರಿ ಮಲೇಷ್ಯಾದ್ದು. ಅಲ್ಲಿನ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾದ ದಂತವಿಜ್ಞಾನಿಗಳು ಭತ್ತದ ಹೊಟ್ಟಿನಿಂದ ಸಿಲಿಕಾ ತೆಗೆದು ಕಾಂಪೋಸಿಟ್ ತಯಾರಿಸಿದರು. ಭತ್ತದ ಹೊಟ್ಟನ್ನು ಸುಟ್ಟರೆ ತೂಕದ ಐದನೇ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ನಂಜನಗೂಡಿನ ಹಲ್ಲುಪುಡಿಯ ನೆನಪಾಯಿತೇ? ಹಲ್ಲಿನ ಹೊರಗೆ ಉಜ್ಜುತ್ತಿದ್ದ ವಸ್ತುವೇ ಈಗ ಹಲ್ಲಿನ ಒಳಗೆ ಹೋಗುತ್ತಿದೆ. ಆ ತಂಡದವರು ಆಮೇಲೆ ಇಂತಹ ಕಾಂಪೋಸಿಟ್‌ಗೆ ಕೆನಾಫ್ ಎಂಬ ನಾರನ್ನೂ ಸೇರಿಸಿ ಪರೀಕ್ಷೆ ನಡೆಸಿದ್ದಾರೆ. ಕೆನಾಫ್ ಎಂದರೆ ಯಾವುದೋ ವಿದೇಶಿ ಗಿಡವೆಂದು ತಿಳಿಯಬೇಡಿ, ಅದು ನಮ್ಮ ಪುಂಡಿ. ಉತ್ತರ ಕರ್ನಾಟಕದವರು ಪುಂಡಿಪಲ್ಯ ಮಾಡಿ ಜೋಳದ ರೊಟ್ಟಿಯೊಡನೆ ತಿನ್ನುತ್ತಾರಲ್ಲ, ಅದೇ ಜಾತಿಯ ಗಿಡ. ಅದರ ಕಾಂಡದ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಸೊಪ್ಪು ಹಲ್ಲಿನ ಕೆಳಗೆ, ನಾರು ಹಲ್ಲಿನ ಒಳಗೆ!

ರೇಷ್ಮೆಯ ಮಾತು ಹೇಳದಿದ್ದರೆ ಮೈಸೂರಿನವರು ಬಿಡುವುದಿಲ್ಲ. ರೇಷ್ಮೆಗೂ ಬಾಯಿಗೂ ಹಳೆಯ ನಂಟು. 1815ರಲ್ಲಿ ಅಮೆರಿಕದ ಪಾರ್ಮ್ಲಿ ಎಂಬ ದಂತವೈದ್ಯ ಹಲ್ಲಿನ ಸಂದು ಶುಚಿಮಾಡಲು ಜನರಿಗೆ ಸೂಚಿಸಿದ್ದು ರೇಷ್ಮೆ ದಾರವನ್ನು. ಹಲ್ಲು ಕಿತ್ತ ಮೇಲೆ ಹಾಕುವ ಕಪ್ಪು ಹೊಲಿಗೆಯೂ ಬಹಳ ಸಲ ರೇಷ್ಮೆಯದೇ. ಗೂಡಿನ ಎಳೆಯಲ್ಲಿ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಸೆರಿಸಿನ್ ಎಂಬ ಅಂಟು, ಉಳಿದದ್ದು ಫೈಬ್ರೋಯಿನ್ ಎಂಬ ಗಟ್ಟಿ ಪ್ರೋಟೀನು. ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಗೂಡು ಬೇಯಿಸುವುದು ಈ ಅಂಟು ಸಡಿಲವಾಗಲೆಂದು. ಆಮೇಲೆ ಸೋಪು ನೀರಿನಲ್ಲಿ ಕುದಿಸಿ ಪೂರ್ತಿ ತೆಗೆಯುತ್ತಾರೆ. ಡೆಂಟಿನ್ನಿನ ಕೊಲಾಜೆನ್ನಿನಂತೆ ಇದೂ ಪ್ರೋಟೀನಿನ ನಾರು ಎಂಬ ಕಾರಣಕ್ಕೆ ವಿಜ್ಞಾನಿಗಳಿಗೆ ಇದರ ಮೇಲೆ ಕಣ್ಣಿದೆ. ದಕ್ಷಿಣ ಕೊರಿಯಾದಲ್ಲಿ ದವಡೆಯ ಮೂಳೆ ಬೆಳೆಸಲು ನೆರವಾಗುವ ರೇಷ್ಮೆಯ ಪೊರೆಯ ಮೇಲೆ ಸಾಕಷ್ಟು ಕೆಲಸವಾಗಿದೆ. ಆದರೆ ಹೊಲಿಗೆಯ ಅನುಭವ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಹೆಣೆದ ರೇಷ್ಮೆ ದೀಪದ ಬತ್ತಿಯ ಹಾಗೆ ಎಂಜಲನ್ನು ಹೀರಿ ರೋಗಾಣುಗಳಿಗೆ ಮನೆಯಾಗುತ್ತದೆ. ವಾರದಲ್ಲಿ ಬಿಚ್ಚುವ ಹೊಲಿಗೆಗೆ ಅದು ನಡೆದೀತು, ಹತ್ತು ವರ್ಷ ಇರಬೇಕಾದ ಸಿಮೆಂಟಿಗೆ ನಡೆಯದು.

ನೈಸರ್ಗಿಕ ಎಂದ ಕೂಡಲೆ ಒಳ್ಳೆಯದು ಎಂದು ನಂಬುವ ಅಭ್ಯಾಸ ನಮ್ಮಲ್ಲಿ ಬಹಳ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಅದೂ ನೆಲದಿಂದ ಬಂದ ನೈಸರ್ಗಿಕ ನಾರೇ. ಹಿಂದೆ ಒಸಡಿನ ಶಸ್ತ್ರಚಿಕಿತ್ಸೆಯ ಮೇಲೆ ಮೆತ್ತುತ್ತಿದ್ದ ಪದಾರ್ಥಕ್ಕೆ ಬಲ ಬರಲೆಂದು ಅದನ್ನು ಬೆರೆಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಎಷ್ಟು ಘೋರ ಎಂದು ತಿಳಿದ ಮೇಲೆ ಕೈಬಿಟ್ಟರು. ಅಡಿಕೆಯೂ ನೈಸರ್ಗಿಕವೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದೇ ಸೇರಿಸಿದೆ. ಗುಟ್ಕಾ ಅಗಿಯುವವರ ಕೆನ್ನೆಯೊಳಗೆ ನಾರು ಬೆಳೆದು ಬಾಯಿ ತೆರೆಯಲಾಗದಂತೆ ಬಿಗಿಯುವ ರೋಗವಿದೆ. ಆ ನಾರು ನಮಗೆ ಬೇಡವೇ ಬೇಡ. ಅಡಿಕೆಯ ಸಿಪ್ಪೆಯ ನಾರಿನ ಮೇಲೂ ಪ್ರಯೋಗಗಳು ನಡೆಯುತ್ತಿವೆಯಾದರೂ ಅದು ಹಲಗೆ, ಪ್ಯಾಕಿಂಗ್ ಇತ್ಯಾದಿಗೆ. ಅಲ್ಲೇ ಇರಲಿ. ಮಿಸ್ವಾಕ್ ಕಡ್ಡಿಯನ್ನು ಅಗಿದು ನಾರು ಬಿಡಿಸಿ ಉಜ್ಜುವವರೂ ಒಂದು ವಿಷಯ ತಿಳಿದಿರಲಿ: ಅದು ಹಲ್ಲನ್ನು ಶುಚಿ ಮಾಡುತ್ತದೆಯೇ ಹೊರತು ಆಗಿಹೋದ ಗುಂಡಿಯನ್ನು ಮುಚ್ಚುವುದಿಲ್ಲ. ಬೂದಿಯೂ ಅಷ್ಟೇ, ಅದನ್ನು ತರಿಯಾಗಿಯೇ ಒತ್ತಿ ಉಜ್ಜಿದರೆ ಎನಾಮಲ್ ಸವೆಯುತ್ತದೆ.

ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಹೇಳಿದ ಗಿಡದ ನಾರು, ಸೆಲ್ಯುಲೋಸ್ ಹರಳಿನ ಪ್ರಯೋಗಗಳೆಲ್ಲ ಬಹುಪಾಲು ಪ್ರಯೋಗಾಲಯದವು. ಯಾರಾದರೂ ಗಿಡಮೂಲಿಕೆಯ ಸಿಮೆಂಟು, ನೈಸರ್ಗಿಕ ಫಿಲ್ಲಿಂಗ್ ಎಂದು ಹೇಳಿ ಹೆಚ್ಚು ಹಣ ಕೇಳಿದರೆ, ಯಾವ ಕಂಪನಿಯದು, ಡಬ್ಬಿ ತೋರಿಸಿ ಎಂದು ಕೇಳಿ.

ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ನಮ್ಮ ತಂದೆತಾಯಿಯರಿಗೆ ಗೊತ್ತಿರುವ ಕೋರ್ಸುಗಳು ಎರಡೇ, ಡಾಕ್ಟರು ಇಲ್ಲವೇ ಇಂಜಿನಿಯರು. ಈ ವಿಷಯ ಎರಡರ ನಡುವಿನದು. ಮೈಸೂರಿನಲ್ಲಿ ಜೆ.ಎಸ್.ಎಸ್. ಮತ್ತು ಫಾರೂಕಿಯಾ ದಂತವೈದ್ಯ ಕಾಲೇಜುಗಳಿವೆ, ಎಸ್.ಜೆ.ಸಿ.ಇ.ಯಲ್ಲಿ ಪಾಲಿಮರ್ ವಿಜ್ಞಾನದ ವಿಭಾಗವಿದೆ, ಮೇಲೆ ಹೇಳಿದ ರೇಷ್ಮೆ ಸಂಸ್ಥೆಯಿದೆ. ದಂತವೈದ್ಯ ವಿದ್ಯಾರ್ಥಿಗೆ ನಾರಿನ ಸಂಸ್ಕರಣೆ ಗೊತ್ತಿಲ್ಲ, ಪಾಲಿಮರ್ ವಿದ್ಯಾರ್ಥಿಗೆ ಬಾಯಿ ಗೊತ್ತಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ, ಮಾತಾಡುವುದಿಲ್ಲ. ಮೊದಲ ಪರೀಕ್ಷೆಗೆ ಕೋಟಿಗಟ್ಟಲೆ ಹಣ ಬೇಕಿಲ್ಲ. ತುಂಬುವ ಕಾಂಪೋಸಿಟ್‌ಗೆ ಅಂತರರಾಷ್ಟ್ರೀಯ ಮಾನದಂಡ ಹೇಳುವುದು 25 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಒಂದು ಕಡ್ಡಿ. ಅದನ್ನು 37 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟು, ಎರಡು ಆಧಾರಗಳ ಮೇಲೆ ಮಲಗಿಸಿ, ನಡುವೆ ಒತ್ತಿ ಮುರಿಯಬೇಕು. ದವಡೆ ಹಲ್ಲಿನ ಅಗಿಯುವ ಭಾಗಕ್ಕೆ ಬಳಸುವಂಥದಾದರೆ ಕನಿಷ್ಠ 80 ಮೆಗಾಪಾಸ್ಕಲ್ ತಡೆಯಬೇಕು. ಸೆಟ್ಟಿನ ಅಕ್ರಿಲಿಕ್ಕಾದರೆ 65. ಆದರೆ ಒಂದು ದಿನದ ನೀರಿಗೆ ತೃಪ್ತರಾಗಬೇಡಿ. ನಾರಿನ ನಿಜವಾದ ಬಣ್ಣ ತಿಳಿಯುವುದು ಆರು ತಿಂಗಳು ನೆನೆಸಿದ ಮೇಲೆ, ಬಿಸಿ ಚಹಾ, ತಣ್ಣನೆ ನೀರು ಸರದಿಯಂತೆ ತಾಗಿದ ಮೇಲೆ. ಪ್ರಯೋಗಾಲಯದಲ್ಲಿ ಇದಕ್ಕಾಗಿ 5 ಡಿಗ್ರಿ ಮತ್ತು 55 ಡಿಗ್ರಿಯ ಎರಡು ತೊಟ್ಟಿಗಳ ನಡುವೆ ಕಡ್ಡಿಗಳನ್ನು ಸಾವಿರಾರು ಸಲ ಅದ್ದಿ ತೆಗೆಯುತ್ತಾರೆ. ಮೊದಲ ದಿನ ಗೆದ್ದ ಎಷ್ಟೋ ನಾರುಗಳು ಅಲ್ಲಿ ಸೋಲುತ್ತವೆ. ಸೋತ ಅಂಕಿಗಳನ್ನೂ ವರದಿಯಲ್ಲಿ ಬರೆಯಿರಿ. ಮುಂದೆ ಅದೇ ನಾರನ್ನು ಹಿಡಿಯುವ ಇನ್ನೊಬ್ಬ ವಿದ್ಯಾರ್ಥಿಯ ಒಂದು ವರ್ಷ ಉಳಿಯುತ್ತದೆ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.